ಹಸುಗೂಸಿನ ಕಣ್ಣಪೊರೆಗೆ ಲೇಸರ್ ಸಾಕೇ?

ಪ್ರಶ್ನೆ: ಸೊಸೆ ಬಾಣಂತನಕ್ಕೆ ಉಡುಪಿಯ ತವರಿಗೆ ಹೋಗಿದ್ದಾಳೆ. ತಿಂಗಳ ಕೂಸಿನ ಎಡಗಣ್ಣ ಪಾಪೆಯಲ್ಲಿ ಬಿಳಿ ಕಾಣುತ್ತಿದೆ. ಮೂರು ತಿಂಗಳು ಕಳೆದು ಡೊಂಬಿವಲಿಗೆ ಬಂದ ಮೇಲೆ ಲೇಸರ್ ಮಾಡಿಸಿದರೆ ಆಗದೇ?

ಉತ್ತರ: ದಯವಿಟ್ಟು ಕಾಯಬೇಡಿ. ಈ ವಾರವೇ ಮಣಿಪಾಲದಲ್ಲಿ ಮಕ್ಕಳ ಕಣ್ಣಿನ ತಜ್ಞರಿಗೆ ತೋರಿಸಿ. ಮೊದಲು ಕಣ್ಣಿನ ಸ್ಕ್ಯಾನ್ ಆಗಬೇಕು. ಪಾಪೆಯ ಬಿಳುಪೆಲ್ಲ ಪೊರೆಯಲ್ಲ, ಒಳಗಿನ ಗಡ್ಡೆಯೂ ಹಾಗೇ ಹೊಳೆಯುತ್ತದೆ.

ಪೊರೆಯೇ ಆಗಿದ್ದು ದಟ್ಟವಾಗಿದ್ದರೆ, ಒಂದೇ ಕಣ್ಣಿನದನ್ನು 4ರಿಂದ 6 ವಾರದೊಳಗೆ, ಎರಡೂ ಕಣ್ಣಿನದನ್ನು 6ರಿಂದ 8 ವಾರದೊಳಗೆ ತೆಗೆಯುವುದು ಒಳ್ಳೆಯದು. ಮಿದುಳು ನೋಡಲು ಕಲಿಯುವುದೇ ಈ ದಿನಗಳಲ್ಲಿ. ಬಿಂಬ ಕಳಿಸದ ಕಣ್ಣನ್ನು ಅದು ಕೈಬಿಡುತ್ತದೆ. ಆಮೇಲೆ ಪೊರೆ ತೆಗೆದರೂ ನೋಟ ಪೂರ್ತಿ ಬರುವುದಿಲ್ಲ.

ಇದನ್ನು ತೆಗೆಯುವುದು ಲೇಸರಲ್ಲ, ಶಸ್ತ್ರಚಿಕಿತ್ಸೆ. ಪೂರ್ಣ ಅರಿವಳಿಕೆ ಕೊಟ್ಟು, ಸಣ್ಣ ಸೀಳಿನಿಂದ ಮೆತ್ತಗಿನ ಮಸೂರವನ್ನು ಹೀರಿ ತೆಗೆಯುತ್ತಾರೆ. ಕೂಸಿನಲ್ಲಿ ಮಸೂರದ ಹಿಂಚೀಲ, ಅಂದರೆ ಮಸೂರವನ್ನು ಸುತ್ತಿದ ತೆಳು ಚೀಲದ ಹಿಂಬದಿ, ಆಮೇಲೆ ಮಸುಕಾಗುವುದು ಹೆಚ್ಚುಕಡಿಮೆ ಖಚಿತ. ಅದಕ್ಕೇ ಅದನ್ನೂ ಆಗಲೇ ತೆರೆದು, ಅದರ ಹಿಂದಿನ ಲೋಳೆಯನ್ನೂ ಸ್ವಲ್ಪ ಕತ್ತರಿಸುತ್ತಾರೆ. ಇಷ್ಟು ಚಿಕ್ಕ ಮಗುವಿಗೆ ಸಾಮಾನ್ಯವಾಗಿ ಒಳಗೆ ಲೆನ್ಸ್ ಕೂರಿಸುವುದಿಲ್ಲ. ದಪ್ಪ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಕೊಡುತ್ತಾರೆ.

ಹಾಗಾದರೆ ಲೇಸರ್ ಯಾರಿಗೆ? ಐದಾರು ವರ್ಷ ದಾಟಿದ ಮಕ್ಕಳಲ್ಲಿ ಪೊರೆ ತೆಗೆಯುವಾಗ ಹಿಂಚೀಲವನ್ನು ತೆರೆಯದೆ ಬಿಟ್ಟಿದ್ದು, ಅದು ಮುಂದೆ ಮಸುಕಾದಾಗ ಯಾಗ್ ಲೇಸರ್. ಪಾಪೆ ಹಿಗ್ಗಿಸುವ ಹನಿ, ಮರಗಟ್ಟಿಸುವ ಹನಿ ಹಾಕಿ, ಗದ್ದವನ್ನು ಆನಿಕೆಯ ಮೇಲಿಡಿಸಿ, ಚೀಲದ ನಡುವೆ 3-4 ಮಿ.ಮೀ. ಕಿಂಡಿ ಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ, ಆದರೆ ಮಗು ಅಲುಗಾಡದೆ ಕೂರಬೇಕು. ಅಲುಗಿದರೆ ಒಳಗೆ ಕೂರಿಸಿದ ಕೃತಕ ಲೆನ್ಸಿಗೆ ಗುಳಿ ಬೀಳಬಹುದು. ಕಣ್ಣೊತ್ತಡ ಏರುವುದುಂಟು, ಗಂಟೆಯ ನಂತರ ಅಳೆಯದೆ ಮನೆಗೆ ಹೊರಡಬೇಡಿ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಅಕ್ಷಿಪಟದ ತೊಂದರೆಗೂ ಲೇಸರ್ ಇದೆ, ಆದರೆ ಆ ರೋಗವೇ ಬೇರೆ.

ಕಷ್ಟದ ಕೆಲಸ ಇರುವುದು ಮನೆಯಲ್ಲಿ. ಆಪರೇಷನ್ ಆದ ಎಡಗಣ್ಣು ನೋಡಲು ಕಲಿಯಲೆಂದು, ಚೆನ್ನಾಗಿರುವ ಬಲಗಣ್ಣಿಗೆ ದಿನಾ ವೈದ್ಯರು ಹೇಳಿದಷ್ಟು ಗಂಟೆ ಪಟ್ಟಿ ಅಂಟಿಸಬೇಕು, ಚರ್ಮಕ್ಕೇ, ಕನ್ನಡಕದ ಗಾಜಿಗಲ್ಲ. ಮಗು ಅಳುತ್ತದೆ, ಕಿತ್ತೆಸೆಯುತ್ತದೆ, ಅಜ್ಜಿಗೆ ಕರುಳು ಚುರುಕ್ಕೆನ್ನುತ್ತದೆ. ಆಪರೇಷನ್ ಗೆದ್ದರೂ ನೋಟ ಸೋಲುವುದು ಬಹಳ ಸಲ ಇಲ್ಲಿಯೇ.

ಮುಂಬಯಿಗೆ ಬಂದ ಮೇಲೆ ತಪಾಸಣೆಗೆ ಬೈಕುಳಾದ ಜೆ.ಜೆ. ಆಸ್ಪತ್ರೆಯಂಥ ಕಡೆ ಹೋಗಬಹುದು. ಹುಟ್ಟು ಕಣ್ಣಪೊರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿದೆ, ಖರ್ಚಿನ ಬಗ್ಗೆ ಅಲ್ಲಿ ಕೇಳಿ. ಮಣಿಪಾಲದ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಹಿಂಚೀಲ ತೆರೆದಿದ್ದಾರೋ ಇಲ್ಲವೋ, ಕಣ್ಣೊತ್ತಡ ಎಷ್ಟಿತ್ತು ಎಂಬುದನ್ನು ಇಲ್ಲಿಯ ವೈದ್ಯರು ಮೊದಲು ಕೇಳುತ್ತಾರೆ.