ಪೊಟ್ಟಣದ ಮುಂದೆ ಬರೆದದ್ದನ್ನು ನಂಬಬಹುದೇ?

ಪ್ರಶ್ನೆ: ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದೇನೆ. ಸಂಜೆಯ ಹಸಿವಿಗೆ ‘ಸಿರಿಧಾನ್ಯ’, ‘ನಾರಿನಂಶ ಹೆಚ್ಚು’ ಎಂದು ಬರೆದ ಬಿಸ್ಕತ್ತನ್ನೇ ಕೊಳ್ಳುತ್ತೇನೆ, ಬೆಲೆ ಹೆಚ್ಚಾದರೂ ಸರಿ. ಇದರಿಂದ ಲಾಭವಿದೆಯೇ?

ಉತ್ತರ: ಪೊಟ್ಟಣದ ಮುಂಭಾಗ ಸಾಮಾನ್ಯವಾಗಿ ಒಂದು ನಿಜವನ್ನು ದೊಡ್ಡ ಅಕ್ಷರದಲ್ಲಿ ಹೇಳುತ್ತದೆ. ಮಿಕ್ಕಿದ್ದೂ ಒಳ್ಳೆಯದೇ ಇರಬೇಕೆಂದು ನಾವು ಊಹಿಸಿಕೊಳ್ಳುತ್ತೇವೆ. ತೊಡಕಿರುವುದು ಆ ಊಹೆಯಲ್ಲಿ.

ಚಳ್ಳಕೆರೆಯ ಶೇಂಗಾ ಎಣ್ಣೆಯನ್ನು ನೋಡಿ. ಕೊಲೆಸ್ಟ್ರಾಲ್ ಬರುವುದು ಹಾಲು, ಮೊಟ್ಟೆ, ಮಾಂಸದಂತಹ ಪ್ರಾಣಿಮೂಲದ ಆಹಾರದಿಂದ. ಹಿಂದೆ ಗಾಣದಿಂದ ತಂದ ಎಣ್ಣೆಯಲ್ಲೂ ಅದು ಹೆಸರಿಗೂ ಇರಲಿಲ್ಲ. ಆದರೂ ಎಣ್ಣೆಯಲ್ಲಿ ಕರಿದ ಚಿಪ್ಸ್ ಮೇಲೆ ‘ಕೊಲೆಸ್ಟ್ರಾಲ್ ರಹಿತ’ ಎಂದು ಕಂಡರೆ ಮನಸ್ಸು ಹಗುರವಾಗುತ್ತದೆ, ಕೊಬ್ಬು ಮತ್ತು ಉಪ್ಪಿನ ನೆನಪೇ ಬರುವುದಿಲ್ಲ.

ಇನ್ನು ನಿಮ್ಮ ಬಿಸ್ಕತ್ತು. ಪೊಟ್ಟಣ ತಿರುಗಿಸಿ. ಯಾವ ಪದಾರ್ಥದ ತೂಕ ಹೆಚ್ಚೋ ಅದನ್ನೇ ಪಟ್ಟಿಯಲ್ಲಿ ಮೊದಲು ಬರೆಯಬೇಕೆಂಬುದು ನಿಯಮ. ಮೈದಾ, ಸಕ್ಕರೆ, ತಾಳೆ ಎಣ್ಣೆ ಎಲ್ಲ ಆದ ಮೇಲೆ ಎಲ್ಲೋ ನವಣೆ ಬಂದರೆ ಅದು ಮೈದಾ ಬಿಸ್ಕತ್ತೇ. ಸಾಮೆ, ನವಣೆ ಬೆಳೆಯುವ ಹೊಸದುರ್ಗ ಇಷ್ಟು ಹತ್ತಿರವಿರುವಾಗ ನಮ್ಮ ಮಕ್ಕಳು ಚಿಟಿಕೆ ನವಣೆಗೆ ಹೆಚ್ಚು ಹಣ ತೆರುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮದಂತೆ ‘ನಾರಿನಂಶ ಹೆಚ್ಚು’ ಎನ್ನಲು 100 ಗ್ರಾಂ ತಿನಿಸಿನಲ್ಲಿ ಕನಿಷ್ಠ 6 ಗ್ರಾಂ ನಾರು ಇರಬೇಕು. ಅಷ್ಟು ಇದೆಯೆಂದೇ ಇಟ್ಟುಕೊಳ್ಳಿ. ಅದೇ 100 ಗ್ರಾಂನಲ್ಲಿ 20 ಗ್ರಾಂ ಸಕ್ಕರೆ ಇದ್ದರೂ ಆ ಮಾತನ್ನು ಮುಂಭಾಗದಲ್ಲಿ ಬರೆಯಬಹುದು. ಹಿಂಬದಿಯ ಕೋಷ್ಟಕದಲ್ಲಿ ‘ಸೇರಿಸಿದ ಸಕ್ಕರೆ’ ಎಂಬ ಸಾಲನ್ನು ಹುಡುಕಿ. ದಿನಕ್ಕೆ 50 ಗ್ರಾಂ ಎಂಬ ಮಿತಿಯನ್ನಿಟ್ಟುಕೊಂಡು ಅಲ್ಲಿ ಶೇಕಡಾವಾರು ಲೆಕ್ಕ ಕೊಟ್ಟಿರುತ್ತಾರೆ. ಆ ಲೆಕ್ಕ ಒಂದು ಸಲಕ್ಕೆ ತಿನ್ನುವ ಪ್ರಮಾಣಕ್ಕೆ ಮಾತ್ರ. ಎರಡು ಬಿಸ್ಕತ್ತಿನ ಲೆಕ್ಕ ಓದಿ ಇಡೀ ಪೊಟ್ಟಣ ಮುಗಿಸಿದರೆ ಲೆಕ್ಕ ತಪ್ಪುತ್ತದೆ.

ನಿಮ್ಮ ವಯಸ್ಸಿನವರು ಇಂತಹ ಮಾತುಗಳಿಗೆ ಬೇಗ ಒಲಿಯುವುದಕ್ಕೆ ಕಾರಣವಿದೆ. ಏನು ತಿನ್ನಬೇಕೆಂದು ಮೊದಲ ಬಾರಿಗೆ ನೀವೇ ನಿರ್ಧರಿಸುತ್ತಿದ್ದೀರಿ. ಹಾಸ್ಟೆಲ್ ಊಟದ ಬಗ್ಗೆ ಊರಿನಲ್ಲಿ ಅಮ್ಮನಿಗೆ ಚಿಂತೆ, ಮೈತೂಕದ ಬಗ್ಗೆ ನಿಮಗೆ ಚಿಂತೆ. ಕಾಳಜಿಯಿಂದಲೇ ಹೆಚ್ಚು ಹಣ ಕೊಡುತ್ತೀರಿ. ಮೊಬೈಲ್‌ನಲ್ಲಿ ತರಿಸಿದರಂತೂ ಮೊದಲು ಕಣ್ಣಿಗೆ ಬೀಳುವುದೇ ಮುಂಭಾಗದ ಚಿತ್ರ.

ಸಂಜೆಯ ಹಸಿವಿಗೆ ನಾನು ಹೇಳುವುದು ಒಂದು ಹಿಡಿ ಹುರಿದ ಶೇಂಗಾ, ಜೊತೆಗೆ ದಾವಣಗೆರೆಯ ಮಂಡಕ್ಕಿ, ಹೆಚ್ಚಿದ ಈರುಳ್ಳಿ. 100 ಗ್ರಾಂ ಶೇಂಗಾದಲ್ಲಿ 8 ಗ್ರಾಂಗೂ ಹೆಚ್ಚು ನಾರು, ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಎಣ್ಣೆಯಂಶವೂ ಹೆಚ್ಚಿರುವುದರಿಂದ ಒಂದು ಹಿಡಿ ಸಾಕು.