ಆ್ಯಪ್‌ನ ಆ ಕಡೆ ಯಾರಿದ್ದಾರೆ?

ಫೋನಿನ ಪರದೆ ತುಂಬ ಅಜ್ಜಿಯ ಕಾಲು ಮಾತ್ರ ಕಾಣುತ್ತಿತ್ತು. ಆಗುಂಬೆ ಕಡೆಯ ಒಂದು ಹಳ್ಳಿ ಮನೆ. ಫೋನ್ ಹಿಡಿದವಳು ಸೊಸೆ, ಈ ಕಡೆ ಡಾಕ್ಟರ್ ಆಗಿ ನಾನು. "ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿಯಮ್ಮ, ನಾನು ಹತ್ತು ಎಣಿಸ್ತೀನಿ" ಎಂದೆ. ಬೆರಳು ತೆಗೆದಾಗ ಕಡುಬಿನ ಹಿಟ್ಟಿಗೆ ಒತ್ತಿದ ಹಾಗೆ ಗುಳಿ ಬಿದ್ದಿತ್ತು. ಅರ್ಧ ನಿಮಿಷ ಕಳೆದರೂ ತುಂಬಲಿಲ್ಲ. ಎರಡನೇ ಕಾಲೂ ಹಾಗೇ.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಕ್ಯಾಮೆರಾ ಮುಂದೆ ಹಿಡಿಯಲು ಹೇಳಿದೆ. ಬೆಂಗಳೂರಿನಲ್ಲಿರುವ ಮಗ ಒಂದೇ ಆ್ಯಪ್‌ನಲ್ಲಿ ಎರಡು ತಿಂಗಳಲ್ಲಿ ಮೂರು ಸಲ ಡಾಕ್ಟರನ್ನು ಬುಕ್ ಮಾಡಿದ್ದ. ಮೂರು ಸಲವೂ ಬೇರೆ ಬೇರೆ ಡಾಕ್ಟರು. ಮೊದಲನೆಯವರು ಬಿಪಿ ಜಾಸ್ತಿ ಇದೆ ಎಂದು ಆಮ್ಲೊಡಿಪಿನ್ ಮಾತ್ರೆಯನ್ನು 5 ಮಿಲಿಗ್ರಾಂನಿಂದ 10ಕ್ಕೆ ಏರಿಸಿದ್ದರು. ಎರಡನೆಯವರು ಕಾಲು ಬಾತಿದೆ ಎಂದು ಮೂತ್ರ ಹೆಚ್ಚು ಮಾಡುವ ಮಾತ್ರೆ ಕೊಟ್ಟಿದ್ದರು. ಅದನ್ನು ನುಂಗಿ ಅಜ್ಜಿಗೆ ತಲೆಸುತ್ತು ಶುರುವಾಯಿತು. ಮೂರನೆಯವರು ತಲೆಸುತ್ತಿಗೆ ಇನ್ನೊಂದು ಮಾತ್ರೆ ಬರೆದಿದ್ದರು.

ಆಮ್ಲೊಡಿಪಿನ್ ಒಳ್ಳೆಯ ಮಾತ್ರೆ, ನಾನೂ ದಿನಾ ಬರೆಯುತ್ತೇನೆ. ಆದರೆ ಡೋಸ್ ಏರಿಸಿದಾಗ ಕೆಲವರಿಗೆ ಎರಡೂ ಪಾದ ಬಾತುಕೊಳ್ಳುತ್ತದೆ. ಅಜ್ಜಿಗೆ ಆಗಿದ್ದು ಅದೇ ಇರಬೇಕು ಅನ್ನಿಸಿತು. ಹಾಗಂತ ಕಾಲು ಬಾತಾಗಲೆಲ್ಲ ಅದೇ ಕಾರಣ ಅಂತಲ್ಲ. ಹೃದಯ ಸೋತರೂ ಕಾಲು ಬಾಯುತ್ತದೆ, ಕಿಡ್ನಿ ಕೆಟ್ಟರೂ ಬಾಯುತ್ತದೆ. ಅದಕ್ಕೇ ನಾನು ವಿಡಿಯೋದಲ್ಲೇ ತೀರ್ಮಾನ ಮಾಡಲಿಲ್ಲ. "ನಾಳೆ ಬೆಳಿಗ್ಗೆಯೇ ಕರ್ಕೊಂಡು ಬನ್ನಿ" ಎಂದೆ. ಇಸಿಜಿ, ಮೂತ್ರ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಲ್ಲ ಸರಿಯಾಗಿತ್ತು. ಬಿಪಿ ಮಾತ್ರೆ ಬದಲಿಸಿದೆ, ಉಳಿದ ಎರಡನ್ನು ನಿಲ್ಲಿಸಿದೆ. ಎರಡು ವಾರದಲ್ಲಿ ಊತ ಇಳಿಯಿತು. (ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು.)

ಆ ಮೂವರಲ್ಲಿ ಯಾರೂ ದಡ್ಡರಲ್ಲ. ಒಬ್ಬೊಬ್ಬರಿಗೂ ಕಂಡಿದ್ದು ಕತೆಯ ಒಂದೊಂದು ತುಂಡು, ಅಷ್ಟೆ.

ಮಗ ಆಮೇಲೆ ಫೋನ್ ಮಾಡಿದ. "ಹಾಗಾದ್ರೆ ಯಾವ ಆ್ಯಪ್ ಒಳ್ಳೇದು ಡಾಕ್ಟ್ರೇ?" ವಾರಕ್ಕೊಬ್ಬರಾದರೂ ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. ನಾನು ಆ್ಯಪ್ ಹೆಸರು ಹೇಳುವುದಿಲ್ಲ. ಮುಂದಿನ ಸಲವೂ ಇದೇ ಡಾಕ್ಟರ್ ಸಿಗುತ್ತಾರಾ ಅಂತ ಮೊದಲು ನೋಡು ಎನ್ನುತ್ತೇನೆ. ಎರಡು ನಿಮಿಷದಲ್ಲಿ ಡಾಕ್ಟರ್ ಸಿಗುತ್ತಾರೆ ಅನ್ನುವ ಜಾಹೀರಾತು ನೆಗಡಿಗೆ, ವಾಂತಿಭೇದಿಗೆ ಪರವಾಗಿಲ್ಲ. ಬಿಪಿ, ಶುಗರ್, ಥೈರಾಯ್ಡ್, ದಮ್ಮು ಇಂಥ ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗೆ ಸಾಲದು. ಅಲ್ಲಿ ಬೇಕಾದ್ದು ಹೆಸರು ನೋಡಿ ಡಾಕ್ಟರನ್ನು ಆರಿಸುವ ಅವಕಾಶ, ಹಳೆಯ ಚೀಟಿಗಳು ಅವರ ಮುಂದೆ ತೆರೆದುಕೊಳ್ಳುವ ವ್ಯವಸ್ಥೆ. ನಿಮ್ಮೂರಿನ ಡಾಕ್ಟರೇ ಯಾವುದಾದರೂ ಆ್ಯಪ್‌ನಲ್ಲಿ ಸಿಗುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ, ನಿಯಮದಲ್ಲೂ ಈ ಆಲೋಚನೆ ಇದೆ. ಲಾಕ್‌ಡೌನ್ ಶುರುವಾದ ದಿನಗಳಲ್ಲೇ, 2020ರ ಮಾರ್ಚ್ 25ರಂದು, ದೇಶದಲ್ಲಿ ಟೆಲಿಮೆಡಿಸಿನ್, ಅಂದರೆ ಫೋನ್, ವಿಡಿಯೋ ಮೂಲಕ ಚಿಕಿತ್ಸೆ ಕೊಡುವುದರ ಮಾರ್ಗಸೂಚಿ ಬಂತು. ಅದರ ಪ್ರಕಾರ ಫಾಲೋಅಪ್ ಅಂದರೆ ಇಷ್ಟು: ನೇರವಾಗಿ ತೋರಿಸಿಕೊಂಡ ಆರು ತಿಂಗಳೊಳಗೆ, ಅದೇ ಕಾಯಿಲೆಗೆ, ಅದೇ ಡಾಕ್ಟರ್ ಹತ್ತಿರ ಮಾತಾಡುವುದು. ಹಾಗಿದ್ದಾಗ ಮಾತ್ರ ಕೆಲವು ಔಷಧಿಗಳನ್ನು ಫೋನಿನಲ್ಲಿ ಮುಂದುವರಿಸಬಹುದು. ಪ್ಯಾರಾಸಿಟಮಾಲ್, ಒಆರ್‌ಎಸ್‌ನಂಥವನ್ನು ಬರೀ ಮಾತಿನಲ್ಲೂ ಹೇಳಬಹುದು. ಇನ್ನು ಕೆಲವಕ್ಕೆ ಮೊದಲ ಸಲ ವಿಡಿಯೋದಲ್ಲಿ ಮುಖ ನೋಡಲೇಬೇಕು. ಮಾರ್ಫಿನ್‌ನಂಥ ನೋವಿನ ಮದ್ದನ್ನು ಆನ್‌ಲೈನ್‌ನಲ್ಲಿ ಬರೆಯುವ ಹಾಗೇ ಇಲ್ಲ. ಹಾಗಾಗಿ ಡಾಕ್ಟರ್ "ಇದನ್ನ ನಾನು ಇಲ್ಲಿ ಬರೆಯಲ್ಲ, ಬಂದು ತೋರಿಸಿ" ಅಂದರೆ ಕೋಪ ಮಾಡಿಕೊಳ್ಳಬೇಡಿ. ಕೇಳಿದ್ದನ್ನೆಲ್ಲ ಬರೆದುಕೊಡುವ ಆ್ಯಪ್ ಕಂಡರೆ ನನಗೆ ಭಯ.

ಅದೇ ನಿಯಮ ಇನ್ನೂ ಒಂದು ಮಾತು ಹೇಳುತ್ತದೆ. ಡಾಕ್ಟರ್ ತಮ್ಮ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲಿ, ರಸೀದಿಯಲ್ಲಿ ತೋರಿಸಬೇಕು. ಆ ಹೆಸರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ದುಡ್ಡು ಕಟ್ಟುವ ಮೊದಲೇ ಡಾಕ್ಟರ ಪೂರ್ತಿ ಹೆಸರು, ಓದು, ನೋಂದಣಿ ನಂಬರ್ ಕಾಣದಿದ್ದರೆ ಆ ಆ್ಯಪ್ ಬಿಟ್ಟುಬಿಡಿ. ಮೊದಲು ಚಾಟ್‌ನಲ್ಲಿ ಮಾತಾಡಿಸುವುದು ಯಂತ್ರವೋ ಮನುಷ್ಯರೋ ಅನ್ನುವುದನ್ನೂ ಕೇಳಿ. ಯಂತ್ರ ಪ್ರಶ್ನೆ ಕೇಳಬಹುದು, ಡಾಕ್ಟರಿಗೆ ನೆರವಾಗಬಹುದು. ಮದ್ದು ಬರೆಯುವಂತಿಲ್ಲ.

ಈಗ ಭಾಷೆಯ ವಿಷಯ. ನಮ್ಮ ಕಡೆ ಹೆಂಗಸರು "ಎದೇಲಿ ಏನೋ ಸಂಕಟ, ತಳಮಳ" ಅನ್ನುತ್ತಾರೆ. ನೋವು ಅನ್ನುವುದೇ ಇಲ್ಲ. ಪಕ್ಕದಲ್ಲಿ ಕೂತ ಮಗ ಅದನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಡಾಕ್ಟರಿಗೆ ಹೇಳುವಾಗ "ಗ್ಯಾಸ್" ಅಂದುಬಿಡುತ್ತಾನೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಹೀಗೇ ಬರುವುದು. ಹೊಟ್ಟೆ ತೊಳಸುವುದು, ಬೆವರು, ಸುಸ್ತು, ಸಂಕಟ. ಸಂಕಟ ಅನ್ನುವ ಆ ಒಂದು ಶಬ್ದ ಕಿವಿಗೆ ಬಿದ್ದ ಕೂಡಲೇ ನನ್ನ ಬೆನ್ನು ನೆಟ್ಟಗಾಗುತ್ತದೆ. ಆ ಶಬ್ದ ಗೊತ್ತಿಲ್ಲದ ಡಾಕ್ಟರಿಗೆ ಹಾಗಾಗುವುದಿಲ್ಲ. ಆ್ಯಪ್‌ನಲ್ಲಿ ಡಾಕ್ಟರ ಭಾಷೆ ಆರಿಸುವ ಜಾಗ ಇರುತ್ತದೆ, ಬಹಳ ಜನ ಅದನ್ನು ನೋಡುವುದೇ ಇಲ್ಲ. ಅಪ್ಪ ಅಮ್ಮನಿಗಾಗಿ ಬುಕ್ ಮಾಡುವಾಗ ಕನ್ನಡ ಆರಿಸಿ. ಮಾತನ್ನು ಅವರಿಗೇ ಬಿಡಿ.

ಅಂದಹಾಗೆ, ಎದೆ ಸಂಕಟ, ಒಂದು ಕಡೆ ಕೈಕಾಲು ಬಿದ್ದು ಹೋಗುವುದು, ಬಾಯಿ ಸೊಟ್ಟಗಾಗುವುದು, ಏದುಸಿರು, ಇವಕ್ಕೆ ಆ್ಯಪ್ ತೆರೆಯಲೇಬೇಡಿ. 108ಕ್ಕೆ ಫೋನ್ ಮಾಡಿ.

ಮಕ್ಕಳ ವಿಷಯದಲ್ಲಿ ನಾನು ವಿಡಿಯೋ ಇಲ್ಲದೆ ಮಾತಾಡುವುದಿಲ್ಲ. ಕೆಮ್ಮು ಜ್ವರದ ಮಗುವಿದ್ದರೆ ಅಂಗಿ ಬಿಚ್ಚಿಸಿ, ಮಗು ಅಳದೆ ಇರುವಾಗ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ ಎಣಿಸುತ್ತೇನೆ. ಎರಡು ತಿಂಗಳು ತುಂಬಿ ಒಂದು ವರ್ಷ ಆಗದ ಮಗುವಿಗೆ ನಿಮಿಷಕ್ಕೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರಿಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು, ನ್ಯುಮೋನಿಯಾ ಇರಬಹುದು. ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ ನೇರ ಆಸ್ಪತ್ರೆಗೆ. ಇದಕ್ಕೆ ಬೇಕಾದ್ದು ಬೆಳಕು ಮತ್ತು ಅಲುಗಾಡದ ಫೋನ್. ವಿಡಿಯೋ ಪದೇ ಪದೇ ನಿಂತುಹೋಗುವ ಆ್ಯಪ್‌ನಲ್ಲಿ ಉಸಿರು ಎಣಿಸಲು ಆಗುವುದಿಲ್ಲ. ನಿಮ್ಮ ಮನೆಯ ನೆಟ್‌ವರ್ಕಿನಲ್ಲಿ ಹೇಗೆ ಬರುತ್ತದೆ ಅಂತ ಆರಾಮಾಗಿರುವಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ.

ದುಡ್ಡು ಕೊಡಲಾಗದವರಿಗೆ ವಿಡಿಯೋದಲ್ಲಿ ಡಾಕ್ಟರನ್ನು ಕಾಣಿಸುವ ಸರ್ಕಾರದ ಸೇವೆ, ಇ-ಸಂಜೀವಿನಿ ಇದೆ. 2020ರ ಏಪ್ರಿಲ್‌ನಿಂದ ಮನೆಯಿಂದಲೇ ಉಚಿತವಾಗಿ ಬಳಸಬಹುದು. ನನಗೆ ಅದರ ಇನ್ನೊಂದು ದಾರಿ ಹೆಚ್ಚು ಇಷ್ಟ. ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋದರೆ ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ನೋಡಿ, ಆಮೇಲೆ ವಿಡಿಯೋದಲ್ಲಿ ಡಾಕ್ಟರಿಗೆ ತೋರಿಸುತ್ತಾರೆ. ಒಬ್ಬರಾದರೂ ಕೈ ಮುಟ್ಟಿ ನೋಡಿರುತ್ತಾರಲ್ವಾ, ಅದು ದೊಡ್ಡದು. ಆದರೆ ಅಲ್ಲೂ ಪ್ರತಿ ಸಲ ಅದೇ ಡಾಕ್ಟರ್ ಸಿಗುತ್ತಾರೆ ಅನ್ನುವ ಹಾಗಿಲ್ಲ. ಹಳೆಯ ಚೀಟಿ ತಪ್ಪದೆ ಜೊತೆಗಿರಲಿ. ಮನಸ್ಸಿಗೆ ಬೇಜಾರು, ನಿದ್ದೆ ಇಲ್ಲ, ಸಾಯಬೇಕು ಅನ್ನಿಸುತ್ತದೆ ಅನ್ನುವವರಿಗೆ 14416, ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆ.

ಅಮೆರಿಕದಲ್ಲಿರುವ ಮಕ್ಕಳು ಊರಿನ ಅಪ್ಪ ಅಮ್ಮನಿಗಾಗಿ ಬುಕ್ ಮಾಡಿದರೆ ತೊಂದರೆಯಿಲ್ಲ, ಕಾಯಿಲೆಯವರು ಇಲ್ಲೇ ಇದ್ದಾರೆ. ಆದರೆ ಆ ಮಕ್ಕಳೇ "ನನಗೂ ಒಂದು ಮಾತ್ರೆ ಬರೆದುಬಿಡಿ" ಅಂದರೆ ನಾನು ಆಗಲ್ಲ ಎನ್ನುತ್ತೇನೆ. ನಮ್ಮ ಮಾರ್ಗಸೂಚಿ ದೇಶದ ಹೊರಗಿರುವವರಿಗೆ ಅನ್ವಯಿಸುವುದಿಲ್ಲ.

ಆ್ಯಪ್ ಹಾಕಿಕೊಳ್ಳುವಾಗ ಕ್ಯಾಮೆರಾ, ಮೈಕ್ ಕೇಳುವುದು ಸಹಜ. ನಿಮ್ಮ ಫೋನಿನಲ್ಲಿರುವ ಎಲ್ಲರ ನಂಬರೂ ಬೇಕು ಅಂದರೆ ಕೊಡಬೇಡಿ. ಚೀಟಿ ನಿಮ್ಮ ಫೋನಿಗೆ ಪಿಡಿಎಫ್ ಆಗಿ ಇಳಿಯಬೇಕು, ಮದ್ದನ್ನು ನೀವು ಯಾವ ಅಂಗಡಿಯಲ್ಲಿ ಬೇಕಾದರೂ ಕೊಳ್ಳುವ ಹಾಗಿರಬೇಕು.

ಆ ಅಜ್ಜಿ ಈಗ ತಿಂಗಳಿಗೊಮ್ಮೆ ವಿಡಿಯೋದಲ್ಲಿ ಬರುತ್ತಾರೆ, ಐದಾರು ತಿಂಗಳಿಗೊಮ್ಮೆ ಬಸ್ ಹತ್ತಿ ಬರುತ್ತಾರೆ. ಮೊಮ್ಮಗಳು ಫೋನನ್ನು ತಾಮ್ರದ ಚೊಂಬಿಗೆ ಒರಗಿಸಿ ಇಡುತ್ತಾಳೆ. ಮಗ್ಗಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬಿಪಿ ಬರೆದಿಟ್ಟಿರುತ್ತಾಳೆ, ತಾರೀಖು ಸಮೇತ. ನಾನು ಕೇಳುವ ಮೊದಲೇ ಅಜ್ಜಿ ಸೀರೆ ಸ್ವಲ್ಪ ಮೇಲೆತ್ತಿ, ತಾವೇ ಹೆಬ್ಬೆರಳಿಂದ ಕಾಲು ಒತ್ತಿ, ಕ್ಯಾಮೆರಾ ಕಡೆ ತೋರಿಸುತ್ತಾರೆ.