ಎಲುಬಿನಲ್ಲಿ ಕೂತ ಸೀಸ, ಇಳಿಯದ ಬಿಪಿ

ಕಾರವಾರದ ಕೋಡಿಬಾಗದ ಹತ್ತಿರ, ಕಾಳಿ ನದಿ ಸಮುದ್ರ ಸೇರುವಲ್ಲಿ ನಮ್ಮ ಅಜ್ಜ ಬೀಸುಬಲೆ ಹಾಕುತ್ತಿದ್ದರು. ಬಲೆಯ ಅಂಚಿನ ಸೀಸದ ಗುಂಡುಗಳನ್ನು ಮನೆಯಲ್ಲೇ ಮಾಡುತ್ತಿದ್ದರು. ಹಳೆ ಬ್ಯಾಟರಿಯ ಸೀಸವನ್ನು ಕಬ್ಬಿಣದ ಸೌಟಿನಲ್ಲಿಟ್ಟು ಬಚ್ಚಲ ಒಲೆಗೆ ಹಿಡಿಯೋದು, ಮೇಲೆ ಕಟ್ಟಿದ ಬೂದಿಯನ್ನು ಬಾಯಿಂದ ಊದೋದು, ಅಚ್ಚಿಗೆ ಹೊಯ್ಯೋದು. ಆಮೇಲೆ ಗುಂಡನ್ನು ಹಲ್ಲಿನಲ್ಲೇ ಕಚ್ಚಿ ಹಗ್ಗಕ್ಕೆ ಬಿಗಿಯುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಅವರ ಬಿಪಿ ಮಾತ್ರೆಗೂ ಜಗ್ಗಲಿಲ್ಲ. ಅದಕ್ಕೆ ಸೀಸವೇ ಕಾರಣ ಅಂತ ಹೇಳಲಾರೆ. ಆದರೆ ಅವರು ಏನು ಕೆಲಸ ಮಾಡಿದ್ದರು ಅಂತ ಯಾರೂ ಕೇಳಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ.

ಬಲೆ ಮುಟ್ಟದವರೂ ಸೀಸದಿಂದ ಪಾರಾಗಲಿಲ್ಲ. ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ ಒಳಗೆ ಟಕಟಕ ಬಡಿತದ ಸದ್ದು ಬರೋದಿಲ್ಲ ಅಂತ ಅಮೆರಿಕದ ಥಾಮಸ್ ಮಿಡ್ಗ್ಲಿ 1921ರಲ್ಲಿ ಕಂಡುಕೊಂಡರು. ಭಾರತದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಇವತ್ತು ಅರವತ್ತು ದಾಟಿದವರು ಹೆದ್ದಾರಿ ಪಕ್ಕದಲ್ಲಿ ಬೆಳೆದಿದ್ದರೆ, ಪ್ರಾಯವೆಲ್ಲ ಆ ಹೊಗೆಯಲ್ಲೇ ಕಳೆದಿದೆ.

ಪೆಟ್ರೋಲ್ ಬದಲಾಯ್ತು, ಮುಗೀತಲ್ವಾ? ಇಲ್ಲ. ದೇಹ ಸೀಸವನ್ನು ಕ್ಯಾಲ್ಸಿಯಂ ಅಂದುಕೊಂಡು ಎಲುಬಿನಲ್ಲಿ ಸೇರಿಸಿಡುತ್ತದೆ. ರಕ್ತದ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು, ಎಲುಬಿನದಕ್ಕೆ ಹತ್ತಾರು ವರ್ಷ ಬೇಕು. ವಯಸ್ಸಾಗಿ ಎಲುಬು ಸವೆದಾಗ ಅದು ಮತ್ತೆ ರಕ್ತಕ್ಕಿಳಿಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇದು ಇನ್ನೂ ಜಾಸ್ತಿ. ಆಗ ರಕ್ತನಾಳ ಬಿಗಿಯುತ್ತದೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ಬಿಪಿ ಏರುವುದು ಹೀಗೆ.

ಬಾಸ್ಟನ್‌ನಲ್ಲಿ 1963ರಲ್ಲಿ ಗಂಡಸರ ಒಂದು ಗುಂಪಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಶುರುವಾಗಿತ್ತು. ಅವರಿಗೆ ವಯಸ್ಸಾದ ಮೇಲೆ ಎಕ್ಸ್‌ರೇ ವಿಧಾನದಿಂದ ಎಲುಬಿನ ಸೀಸವನ್ನು ಅಳೆದರು. 1996ರಲ್ಲಿ ಫಲಿತಾಂಶ ಬಂತು. ಬಿಪಿ ಜಾಸ್ತಿ ಇದ್ದವರ ಎಲುಬಿನಲ್ಲಿ ಸೀಸವೂ ಜಾಸ್ತಿ ಇತ್ತು. ರಕ್ತಪರೀಕ್ಷೆಗಿಂತ ಎಲುಬಿನ ಅಳತೆಯೇ ಹೆಚ್ಚು ಹೇಳಿತು. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೀಸದ ಜೊತೆ ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನೂ ಹೃದಯಕ್ಕೆ ಅಪಾಯ ಅಂತ ಹೇಳಿತು. ಕ್ಯಾಡ್ಮಿಯಂ ಬೀಡಿ, ಸಿಗರೇಟಿನ ಹೊಗೆಯಲ್ಲೂ ಇದೆ.

ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ ಅಂತ ಡಾಕ್ಟರು ಹೇಳೋದು ಸರಿಯೇ. ‘ಅಜ್ಜಾ, ಪ್ರಾಯದಲ್ಲಿ ಏನು ಕೆಲಸ ಮಾಡ್ತಿದ್ರಿ?’ ಅಂತಲೂ ಕೇಳಬೇಕು. ಕೇಳದಿದ್ದರೂ ನಾವೇ ಹೇಳಬೇಕು. ಬಲೆ, ಬ್ಯಾಟರಿ, ಪೇಂಟ್ ಕೆಲಸ, ಯಾವುದೇ ಇರಲಿ.

ಅಜ್ಜನ ಬಲೆ ಈಗ ಚಿಕ್ಕಪ್ಪನ ಹತ್ತಿರ ಇದೆ. ಒಲೆಯಲ್ಲಿ ಸೀಸ ಕರಗಿಸೋದನ್ನು ಅವರು ಬಿಟ್ಟಿದ್ದಾರೆ. ಅಂಗಡಿಯಿಂದ ತಂದ ಗುಂಡನ್ನು ಇಕ್ಕಳದಲ್ಲಿ ಬಿಗಿಯುತ್ತಾರೆ, ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರುತ್ತಾರೆ.